ಕಟ್ಟೆಯ ಪಾಳಿ ಬರೆಸಿದವರು

ಹೋದ ತಿಂಗಳು ಹೊಳೆನರಸೀಪುರದಲ್ಲಿ ತೀರಿಕೊಂಡ ಒಬ್ಬ ಹೆಣ್ಣುಮಗಳ ವಿಷಯ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಅವರು ಕೆಲಸ ಮಾಡಿದ ಊರಿನ ಹೆಸರನ್ನೂ ಹೇಳುವುದಿಲ್ಲ; ಚನ್ನರಾಯಪಟ್ಟಣ ತಾಲ್ಲೂಕಿನ ಒಣ ಭಾಗದ ಊರು ಎಂದರೆ ಸಾಕು. ಆ ಊರಿನವರು ಈಗಲೂ ಮದುವೆ ಪತ್ರಿಕೆ ಹಿಡಿದು ನನ್ನ ಮನೆಗೆ ಬರುತ್ತಾರೆ, ನಾನೂ ಹೋಗಿ ಉಂಡು ಬರುತ್ತೇನೆ. ಆದರೆ ನಡೆದದ್ದನ್ನು ಬರೆದಿಡಬೇಕು. ಅದರಲ್ಲಿ ತಪ್ಪು ಬರೆದ ಕೈ ನನ್ನದು.

ನಾನು ಜಾನುವಾರು ಪರೀಕ್ಷಕನಾಗಿದ್ದೆ. ಬೆಳಿಗ್ಗೆ ಆರೂಕಾಲಿಗೆ ಮನೆ ಬಿಡುವುದು, ಬಲಗೈಗೆ ಲಸಿಕೆಯ ಐಸ್ ಪೆಟ್ಟಿಗೆ, ಎಡಗೈಗೆ ರಿಜಿಸ್ಟರು. ಯಾವ ವಾರ ಯಾವ ಊರು ಎಂಬ ಪ್ರವಾಸ ಪಟ್ಟಿ ತಿಂಗಳ ಮೊದಲ ದಿನವೇ ಗೋಡೆಗೆ ಅಂಟಿರುತ್ತಿತ್ತು. ಹಾಸನದ ಹಾಸ್ಟೆಲಿನಲ್ಲಿ ಓದುವಾಗ ಗಂಟೆ ಹೊಡೆದು ಕಲಿಸಿದ ಕ್ರಮ ಅದು. ಬಿಡಲು ಆಗಲಿಲ್ಲ, ಬಿಡಬೇಕು ಎನಿಸಲೂ ಇಲ್ಲ.

ಅವರನ್ನು ಮೊದಲು ಕಂಡ ದಿನ ದಂಡಿಗನಹಳ್ಳಿಯ ಬಸ್ ನಿಲ್ದಾಣದಲ್ಲಿ ಒಂಬತ್ತಕ್ಕೆ ಭೇಟಿ ಎಂದು ಮಾತಾಗಿತ್ತು. ಹತ್ತೂಮುಕ್ಕಾಲಾಯಿತು. ರಸ್ತೆಯ ಕಡೆ ನೋಡುತ್ತ ನಿಂತಿದ್ದೆ. ಅವರು ಬಂದದ್ದು ಹಿಂದಿನಿಂದ, ಹೊಲ ಹಾಯ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ಅಂಚಿನ ತುಂಬ ಉತ್ತರಾಣಿ ಮುಳ್ಳು ಅಂಟಿಸಿಕೊಂಡು. ಐವತ್ತರ ಆಸುಪಾಸಿನ, ಎತ್ತರದ, ಸಪೂರ ಹೆಂಗಸು.

"ತಡ ಆಯ್ತು ಸಾ. ಕಟ್ಟೇಲಿ ಹಸು ನೀರು ಕುಡೀತಿತ್ತು."

"ಒಂದು ಹಸು ನೀರು ಕುಡಿಯಲು ಇಷ್ಟು ಹೊತ್ತು ಬೇಕೇ?" ಎಂದೆ.

"ಒಂದಲ್ಲ, ಹದಿನೇಳು. ಗಂಟಲು ನೋಡ್ಕೊಂಡು ಗುಟುಕು ಎಣಿಸ್ತಾ ಕೂತ್ಬಿಟ್ಟೆ. ಕರೀದು ನಿಮಿಷಕ್ಕೆ ಎಷ್ಟು ಕುಡೀತದೆ ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಅಷ್ಟು ವರ್ಷ ಆ ದನಗಳ ಕಿವಿಗೆ ಹಳದಿ ಓಲೆ ಚುಚ್ಚಿದ್ದೆ, ಕುತ್ತಿಗೆಗೆ ಸೂಜಿ ಹಾಕಿದ್ದೆ. ಅವು ಕುಡಿಯುವುದನ್ನು ಕೂತು ನೋಡಿರಲಿಲ್ಲ.

ಅವರ ಹುಟ್ಟೂರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ. ಹೊಳೆನರಸೀಪುರದ ಒಂದು ಶಾಲೆಯಲ್ಲಿ ಗಣಿತದ ಟೀಚರಾಗಿದ್ದು, ಅಲ್ಲಿ ಯಾರೊಂದಿಗೋ ಜಗಳವಾಡಿ ಬಿಟ್ಟು, ಹಾಸನದ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಸೇರಿದ್ದರು. ಮಳೆ ಕಡಿಮೆಯ ಗೋಮಾಳಗಳಲ್ಲಿ ದನಕುರಿಗಳ ನೀರನ್ನು ಊರಿನವರೇ ಸೇರಿ ಹೇಗೆ ಕಾಯ್ದುಕೊಳ್ಳಬಹುದು ಎಂಬುದಕ್ಕೆ ಒಂದು ಮಾದರಿ ತಯಾರಿಸುವುದು ಅವರ ಕೆಲಸ. ಕಂಪ್ಯೂಟರಿನಲ್ಲಿ ಅಂಕಿ ತುಂಬಿದರೆ ಅದು ಗೆರೆ ಎಳೆದು ತೋರಿಸಬೇಕು: ಊರಿನವರು ಹೀಗೆ ನಡೆದುಕೊಂಡರೆ ಕಟ್ಟೆಯ ನೀರು ಇಷ್ಟು ವಾರ, ಹಾಗೆ ನಡೆದುಕೊಂಡರೆ ಅಷ್ಟು ವಾರ. ಕಚೇರಿಗೆ ಗೆರೆ ಸಾಕಾಗಿತ್ತು. ಇವರಿಗೆ ಸಾಕಾಗಲಿಲ್ಲ.

"ಗೆರೆ ನೋಡಿ ಸಾಹೇಬ್ರು ತಲೆ ಆಡಿಸ್ತಾರೆ ಸಾ. ಕಟ್ಟೆ ಒಣಗಿಸೋರು ಸಾಹೇಬ್ರಲ್ಲವಲ್ಲ" ಎನ್ನುತ್ತಿದ್ದರು.

ಆ ಊರಿನ ಗೋಮಾಳವೆಂದರೆ ಬಂಡೆ, ಜಾಲಿ, ಬಂದರೆ ಎಂಬ ಕುರುಚಲು ಗಿಡ, ನಡುನಡುವೆ ಪಾದ ಮುಚ್ಚದಷ್ಟು ಹುಲ್ಲು. ದಿಬ್ಬ ಹತ್ತಿದರೆ ದೂರದಲ್ಲಿ ಜಿನನಾಥಪುರದ ಕಡೆಯ ಬೆಟ್ಟ ಕಾಣುತ್ತದೆ, ನಾಲೆ ಕಾಣುವುದಿಲ್ಲ. ಮಧ್ಯದಲ್ಲಿ ದನದ ಕಟ್ಟೆ. ಮಳೆಯ ನೀರೇ ಗತಿ. ಪ್ರತಿ ಬೇಸಿಗೆಯಲ್ಲೂ ಯುಗಾದಿ ಕಳೆದ ಮೇಲೆ ಅದು ಕೆಸರಾಗುತ್ತಿತ್ತು. ಎತ್ತಿನವರಿಗೂ ಕುರಿಯವರಿಗೂ ಕೋಲು ಎತ್ತುವಷ್ಟು ಜಗಳವಾಗುತ್ತಿತ್ತು.

ಅವರು ಮಾಡಿದ್ದು ಆಟ. ಡೇರಿಯ ಮುಂದಿನ ಜಗಲಿಯ ಮೇಲೆ ರಂಗೋಲಿ ಪುಡಿಯಲ್ಲಿ ಗೋಮಾಳ ಬರೆದರು. ಕಟ್ಟೆಯ ಜಾಗದಲ್ಲಿ ಒಂದು ಅಗಲ ತಪ್ಪಲೆ, ಅದರ ತುಂಬ ನೀರು. ಡಬ್ಬಿಯಿಂದ ಬೀಜ ಸುರಿದು ಹಂಚಿದರು: ಅವರೆಕಾಳು ಎಂದರೆ ಎತ್ತು, ಹಸು; ಹುರುಳಿ ಎಂದರೆ ಕುರಿ. ಒಂದು ಚಪ್ಪಾಳೆ ಹೊಡೆದರೆ ಒಂದು ವಾರ ಕಳೆದಂತೆ. ಪ್ರತಿ ವಾರ ಒಬ್ಬೊಬ್ಬರೂ ತಮ್ಮ ಬೀಜಕ್ಕೆ ತಕ್ಕಷ್ಟು ಚಮಚ ನೀರು ತೆಗೆದು ಪಕ್ಕದ ಬಕೆಟ್ಟಿಗೆ ಹಾಕಬೇಕು. ಎಲ್ಲರದೂ ಆದ ಮೇಲೆ ಅವರೇ ದೊಡ್ಡ ಸೌಟಿನಲ್ಲಿ ಎರಡು ಸೌಟು ತೆಗೆದು ನೆಲಕ್ಕೆ ಚೆಲ್ಲುತ್ತಿದ್ದರು.

"ಅದ್ಯಾರ್‍ದು ಮೇಡಮ್ಮೋರೆ ಎರಡ್ ಸೌಟು?" ಕುರಿ ಕೆಂಪಣ್ಣ ಕೇಳಿದ. ಊರಿನಲ್ಲಿ ಹೆಚ್ಚು ಕುರಿ ಇದ್ದದ್ದು ಅವನಿಗೇ.

"ಸೂರ್ಯಂದು."

"ಒಂದ್ ಬಾಲ ಇಲ್ಲ, ಕೊಂಬಿಲ್ಲ, ಅವನ್ಗೆ ಎರಡ್ ಸೌಟಾ? ನನ್ ಕುರಿಗೆ ಅರ್ಧ ಚಮ್ಚ!"

ಜಗಲಿಯೆಲ್ಲ ನಕ್ಕಿತು. ಆದರೆ ಆಟಕ್ಕೆ ಇನ್ನೊಂದು ನಿಯಮವಿತ್ತು, ಅದಕ್ಕೆ ಯಾರೂ ಸುಲಭವಾಗಿ ಒಪ್ಪಲಿಲ್ಲ. ಯಾರೂ ತಮ್ಮ ಬೀಜವನ್ನು ತಾವು ಹಿಡಿಯುವಂತಿಲ್ಲ. ಎತ್ತಿನವರು ಕುರಿಯವರಾಗಬೇಕು, ಕುರಿಯವರು ಎತ್ತಿನವರಾಗಬೇಕು. ಊರಿನಲ್ಲೇ ಒಳ್ಳೆಯ ಹಳ್ಳಿಕಾರ್ ಜೋಡಿ ಕಟ್ಟಿದ್ದ ನಂಜೇಗೌಡರ ಬೊಗಸೆಗೆ ಹುರುಳಿ ಸುರಿದಾಗ ಅವರ ಮುಖ ಗಂಟಾಯಿತು. "ಒಳೆ ದಂಡೇನಾಗೆ ಬೆಳ್ದೋರಿಗೆ ನಮ್ ಕಟ್ಟೆ ಇಸ್ಯ ಏನಮ್ಮ ಗೊತ್ತು?" ಎಂದು ಒಂದು ಮಾತು ಹೊಡೆದರು. ಆದರೆ ನಾಲ್ಕನೆಯ ಚಪ್ಪಾಳೆಯ ಹೊತ್ತಿಗೆ ಅವರೇ ಎದ್ದು ನಿಂತು, "ನನ್ ಕುರಿ ಏನ್ ಗಾಳಿ ಕುಡ್ಕಂಡ್ ಬದುಕ್ತವೇನ್ಲಾ ಕೆಂಪಾ? ಚಮ್ಚ ಇತ್ಲಾಗ್ ಕೊಡು!" ಎಂದು ಕೂಗುತ್ತಿದ್ದರು.

ಮೊದಲ ಆಟದಲ್ಲಿ ಹತ್ತನೆಯ ವಾರಕ್ಕೆ ತಪ್ಪಲೆಯ ತಳ ಕಂಡಿತು. ಆಮೇಲೆ ಊರಿನವರೇ ಮಾತಾಡಿಕೊಂಡು ನಿಯಮ ಕಟ್ಟಿದರು. ಕಟ್ಟೆಯ ಸುತ್ತ ಜಾಲಿ ಬೇಲಿ, ಇಳಿಯಲು ಒಂದೇ ಕಲ್ಲಿನ ಇಳಿಜಾರು, ಪ್ರತಿ ಮನೆಗೂ ಗೊತ್ತಾದ ಹೊತ್ತಿನ ಪಾಳಿ. ತುಳಿದು ಕೆಸರು ಮಾಡುವುದು ತಪ್ಪುತ್ತದೆ, ಹೂಳು ಕಡಿಮೆಯಾಗುತ್ತದೆ. ಎರಡನೆಯ ಆಟದಲ್ಲಿ ಮಳೆಗಾಲದ ಚಪ್ಪಾಳೆ ಬಿದ್ದಾಗಲೂ ತಪ್ಪಲೆಯಲ್ಲಿ ಎರಡು ಬೆರಳು ನೀರು ಉಳಿದಿತ್ತು. ಜನ ಶಿಳ್ಳೆ ಹಾಕಿದರು.

"ಪಾಳಿ ಪಟ್ಟಿ ಇನ್‌ಸ್ಪೆಟ್ರೇ ಬರೀಲಿ. ಅವ್ರ ಬರವಣಿಗೆ ಮುತ್ತಿನಂಗೈತೆ" ಎಂದರು ನಂಜೇಗೌಡರು.

ಬರೆದೆ. ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲು ಇಟ್ಟು ಗೆರೆ ಹಾಕಿ, ಮನೆಯ ಹೆಸರು ನೀಲಿಯಲ್ಲಿ, ಹೊತ್ತು ಕೆಂಪಿನಲ್ಲಿ. ಆಟ ಆಡಿದ ಮನೆಗಳನ್ನೆಲ್ಲ ಸೇರಿಸಿದೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಒಂದು ನಿಮಿಷವೂ ಪೋಲಾಗದಂತೆ ಹೊಂದಿಸಿದೆ. ಡೇರಿಯ ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಹೆಚ್ಚು ಮಾಡಿರಲಿಲ್ಲ.

ಮೂರು ದಿನದ ಮೇಲೆ ಅವರು ಬಂದು ಪಟ್ಟಿ ನೋಡಿದರು. ನನ್ನ ಲಸಿಕೆ ರಿಜಿಸ್ಟರನ್ನು ಕೇಳಿ ಇಸಿದುಕೊಂಡರು. ಎರಡರ ಮೇಲೂ ಬೆರಳಿಟ್ಟು ಸಾಲು ಸಾಲಾಗಿ ಹೋಲಿಸುತ್ತ ಬಂದರು. ಗಣಿತದ ಮೇಷ್ಟ್ರು ಉತ್ತರಪತ್ರಿಕೆ ನೋಡುವ ರೀತಿಯೇ ಅದು.

"ರಿಜಿಸ್ಟರಲ್ಲಿ ಊರಾಚೆ ಕಾಲೊನಿಯ ಮೂವತ್ತೊಂದು ದನ ಅವೆ. ಪಟ್ಟೀಲಿಲ್ಲ. ಅವೆಲ್ಲಿ ನೀರು ಕುಡೀತವೆ ಸಾ?"

"ಹಳೆಯ ಕಲ್ಲು ಕ್ವಾರಿಯ ಗುಂಡಿಯಲ್ಲಿ."

"ಯಾಕೆ?"

"ಮೊದಲಿನಿಂದ ಹಾಗೇ."

"ಕಟ್ಟೆಗೆ ಬರಬ್ಯಾಡಿ ಅಂತ ಅಂದೋರ್ಯಾರು?"

"ಯಾರೂ ಅಂದಿಲ್ಲ" ಎಂದೆ. ಅದು ನಿಜವೇ. ಯಾರೂ ಬೇಡವೆಂದಿರಲಿಲ್ಲ, ಕಾಲೊನಿಯವರು ಬಂದೂ ಇರಲಿಲ್ಲ. ಆ ಊರಿನಲ್ಲಿ ಇಂಥದ್ದನ್ನು ಬಾಯಿಬಿಟ್ಟು ಹೇಳುವ ಕಾಲ ಹೋಗಿ ಬಹಳ ದಿನವಾಗಿತ್ತು. ಹೇಳುವ ಅಗತ್ಯವೂ ಇರಲಿಲ್ಲ.

ಅವರು ಜಗಲಿಯ ಮೇಲೆ ಕುಸಿದು ಕೂತರು. "ಎಲ್ಲಾರೂ ಬಂದವ್ರಾ ಅಂತ ಕೇಳಿದ್ದೆ ಸಾ. ‘ಎಲ್ಲಾ ಬಂದವ್ರೆ ಮೇಡಮ್ಮೋರೆ’ ಅಂದ್ರು. ನಂಬಿದೆ. ಗುಟುಕು ಎಣಿಸೋಳು ನಾನು, ತಲೆ ಎಣಿಸ್ಲಿಲ್ಲ ನೋಡಿ." ಆಮೇಲೆ ಕೇಳಿದರು: "ಕ್ವಾರಿ ಯಾವ ತಿಂಗಳು ಒಣಗ್ತದೆ?"

ಅದೂ ನನಗೆ ಗೊತ್ತಿರಲಿಲ್ಲ.

ಅವರು ಮೂರನೆಯ ಆಟ ಕರೆದರು. ಈ ಸಲ ತಾವೇ ಕಾಲೊನಿಯ ಮನೆಮನೆಗೆ ಹೋಗಿ ಕರೆತಂದರು. ಸಾಕಮ್ಮ ಎಂಬ ಹೆಂಗಸು ಮುಂದೆ ಬಂದು ಕೂತರು. ಜಗಲಿಯ ಮೇಲಲ್ಲ, ಮೆಟ್ಟಿಲಿನ ಮೇಲೆ. ಸಾಕಮ್ಮನವರಿಗಿದ್ದದ್ದು ಒಂದೇ ಹಸು. ಆಗ ಅದು ಆರು ತಿಂಗಳ ಗಬ್ಬ. ಬೆಳಿಗ್ಗೆ ಸಂಜೆ ಇದೇ ಡೇರಿಗೆ ಹಾಲು ಹಾಕಿ ಅದರಲ್ಲೇ ಮನೆ ನಡೆಸುತ್ತಿದ್ದರು.

ನಿಯಮದಂತೆ ಬೀಜ ಅದಲುಬದಲಾಯಿತು. ನಂಜೇಗೌಡರ ಜೋಡಿ ಎತ್ತು ಸಾಕಮ್ಮನವರ ಕೈಗೆ ಬಂತು. ಕಾಲೊನಿಯ ದನ ನಂಜೇಗೌಡರ ಬೊಗಸೆಗೆ ಹೋಯಿತು. ತಪ್ಪಲೆಯ ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟರು. ಅದು ಕ್ವಾರಿ.

ಸಾಕಮ್ಮ ಎರಡು ಅವರೆಕಾಳನ್ನು ಅಂಗೈಯಲ್ಲಿ ಕುಣಿಸುತ್ತ ಗಂಟಲು ದಪ್ಪ ಮಾಡಿದರು. "ಯಾವನ್ಲಾ ಅವ್ನು ನನ್ ಎತ್ಗೊಳ್ ಮುಂದೆ ಕುರಿ ಒಡ್ಕಂಡ್ ಬಂದೋನು? ಕಣ್ ಕಾಣಕಿಲ್ವೇನ್ಲಾ?" ನಂಜೇಗೌಡರ ಧ್ವನಿಯೇ ಅದು. ಒಂದು ಕ್ಷಣ ಜನ ಬೆಚ್ಚಿ ನೋಡಿದರು. ನಂಜೇಗೌಡರೇ ಮೊದಲು ನಕ್ಕದ್ದರಿಂದ ಉಳಿದವರೂ ನಕ್ಕರು.

ಆರನೆಯ ಚಪ್ಪಾಳೆಗೆ ಚೊಂಬು ಖಾಲಿಯಾಯಿತು. ತಪ್ಪಲೆಯಲ್ಲಿ ಇನ್ನೂ ಮುಕ್ಕಾಲು ನೀರಿತ್ತು.

"ಈಗ ಏನ್ ಮಾಡ್ತೀರಿ ಗೌಡ್ರೆ? ನಿಮ್ಮ ಕೈಲಿರೋ ಹಸುಗೆ ಏಳು ತಿಂಗಳು ಕಳೆದು ಎಂಟು ನಡೀತಿದೆ" ಎಂದರು ಅವರು.

ನಂಜೇಗೌಡರು ಬೀಜ ಹಿಡಿದ ಮುಷ್ಟಿಯನ್ನು ನೋಡುತ್ತ ಕೂತರು. ತಪ್ಪಲೆಯ ಕಡೆ ಕೈ ಚಾಚಬೇಕು, ಅಷ್ಟೇ. ಚಾಚಿದರೆ ಅದು ಆಟವಾಗಿ ಉಳಿಯುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಗೌಡರು ಬೀಜವನ್ನು ಡಬ್ಬಿಗೆ ಸುರಿದು ಎದ್ದರು.

"ಆಟ ಸಾಕು ಮೇಡಮ್ಮೋರೆ. ತ್ವಾಟಕ್ಕೆ ನೀರ್ ಬುಡ್ಬೇಕು ನಾನು."

ಅವರು ಎದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಸಾಕಮ್ಮ ಎರಡು ಅವರೆಕಾಳನ್ನು ಮೆಟ್ಟಿಲಿನ ಮೇಲೆ ಜೋಡಿಸಿಟ್ಟು ಹೋದರು.

ಪಟ್ಟಿ ಬದಲಾಗಲಿಲ್ಲ. ಹಿರಿಯರು "ಮಳೆ ಬಂದ್ಮೇಲೆ ನೋಡಣ" ಎಂದರು. ನಾನೂ ಅದನ್ನೇ ಹೇಳಿದೆ: ಒಂದು ಬೇಸಿಗೆ ಈ ಕ್ರಮ ನಡೆಯಲಿ, ಮುಂದಿನ ವರ್ಷ ಪರಿಷ್ಕರಿಸೋಣ. ಹೊಂದಿಸಿದ ಪಟ್ಟಿಯನ್ನು ಮತ್ತೆ ಕದಡುವುದು ನನಗೆ ಇಷ್ಟವಿರಲಿಲ್ಲ. ಅವರು ನನ್ನ ಮುಖವನ್ನೇ ನೋಡಿ, "ಹಸು ಮುಂದೆ ನಿಂತು ಈ ಮಾತು ಹೇಳಿ ಸಾ" ಎಂದು ಮಾತ್ರ ಹೇಳಿ ಬಸ್ಸು ಹತ್ತಿದರು.

ಏಪ್ರಿಲ್ ಹೊತ್ತಿಗೆ ಕ್ವಾರಿ ಒಣಗಿತು. ಒಂದು ಬೆಳಿಗ್ಗೆ ಏಳಕ್ಕೆ ಅವರ ಫೋನು ಬಂತು. ಸಾಕಮ್ಮ ನಿನ್ನೆ ಹಸು ಹೊಡೆದುಕೊಂಡು ಕಟ್ಟೆಗೆ ಹೋಗಿದ್ದಾರೆ, ಇಳಿಜಾರಿನಲ್ಲಿ ತಡೆದು ವಾಪಸು ಕಳಿಸಿದ್ದಾರೆ. ಹಸುವಿಗೆ ಒಂಬತ್ತು ತಿಂಗಳು. ಎರಡು ದಿನದಿಂದ ಕುಡಿದದ್ದು ಮನೆಯ ನಲ್ಲಿಯಿಂದ ಹಿಡಿದ ಎರಡು ಬಕೆಟ್ಟು ಮಾತ್ರ.

"ಈಗ್ಲೇ ಬನ್ನಿ" ಎಂದರು.

ಆ ದಿನ ನನ್ನ ಪ್ರವಾಸ ಪಟ್ಟಿಯಲ್ಲಿ ಬೇರೆ ಊರಿತ್ತು. "ಹನ್ನೊಂದಕ್ಕೆ ಬರುತ್ತೇನೆ" ಎಂದೆ.

"ಹನ್ನೊಂದಕ್ಕೆ ಬಿಸಿಲು" ಎಂದು ಫೋನಿಟ್ಟರು.

ಬೇರೆ ಊರಿಗೆ ಹೋದೆ. ಪೆಟ್ಟಿಗೆ ತೆಗೆದೆ, ಮೂರು ಕರುಗಳಿಗೆ ಲಸಿಕೆ ಹಾಕಿದೆ. ನಾಲ್ಕನೆಯದರ ಕುತ್ತಿಗೆ ಹಿಡಿದಾಗ ಕೈ ಓಡಲಿಲ್ಲ. ಪೆಟ್ಟಿಗೆ ಮುಚ್ಚಿ ಬೈಕ್ ಹತ್ತಿದೆ. ಸರ್ವೀಸಿನಲ್ಲಿ ಪ್ರವಾಸ ಪಟ್ಟಿ ಮುರಿದದ್ದು ಅದೊಂದೇ ಸಲ.

ಕಟ್ಟೆ ತಲುಪಿದಾಗ ಒಂಬತ್ತೂವರೆ. ಬೇಲಿ ಬಿಗಿಯಾಗಿ ನಿಂತಿತ್ತು. ಒಳಗೆ ನೀರು ಅರ್ಧಕ್ಕಿಂತ ಹೆಚ್ಚಿತ್ತು. ಆಟ ಹೇಳಿದ್ದು ಸರಿಯಾಗಿತ್ತು, ಪಾಳಿಯಿಂದ ನೀರು ಉಳಿದಿತ್ತು. ಇಳಿಜಾರಿನ ಬಾಯಲ್ಲಿ ಏಳೆಂಟು ಗಂಡಸರು. ಎದುರಿಗೆ ಸಾಕಮ್ಮ, ಹಗ್ಗ, ಹಸು, ಪಕ್ಕದಲ್ಲಿ ಇವರು. ಕೆಂಪಣ್ಣನ ಕೈಯಲ್ಲಿ ನನ್ನ ಪಟ್ಟಿ. ಡೇರಿಯ ಗೋಡೆಯಿಂದ ಬಿಡಿಸಿಕೊಂಡು ಬಂದಿದ್ದ.

"ಬನ್ನಿ ಸಾ, ನೀವೇ ಯೋಳಿ" ಎಂದ. "ನಾವ್ ಬ್ಯಾಡ ಅಂತಿದ್ದೀವಾ? ಲಿಸ್ಟ್ನಾಗೆ ಇಲ್ಲ ಅಂತೀವಿ ಅಷ್ಟೇ. ಲಿಸ್ಟ್ ಬರ್ದೋರು ನೀವು, ಗೌರ್ಮೆಂಟು. ನಾಳೆ ಒಬ್ರಿಗೆ ಬುಟ್ರೆ ಎಲ್ಲಾರೂ ನುಗ್ತಾರೆ. ಅವಾಗ ಕಟ್ಟೆ ಒಣಗಾಕಿಲ್ವಾ? ಮೇಡಮ್ಮೋರೇ ಯೋಳ್ಕೊಟ್ಟಿದ್ದು."

ಅಷ್ಟು ದಿನ ಯಾರ ಬಾಯಿಯಲ್ಲೂ ಬರದಿದ್ದ ಬೇಡ ಎಂಬ ಮಾತಿಗೆ ನಾನು ಸ್ಕೇಲು ಹಿಡಿದು, ಕೆಂಪು ನೀಲಿ ಶಾಯಿಯಲ್ಲಿ ಒಂದು ಕಾಗದ ಕೊಟ್ಟಿದ್ದೆ.

ಹಸುವಿನ ಬಳಿ ಹೋಗಿ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟೆ. ಎದ್ದ ಮಡಿಕೆ ಎದ್ದೇ ಇತ್ತು. ಕಣ್ಣು ಒಳಸೇರಿದ್ದವು. "ಈಗ ನೀರು ಬೀಳದಿದ್ದರೆ ಕರು ಉಳಿಯುವುದಿಲ್ಲ. ಹಸುವೂ ಉಳಿಯುತ್ತದೆ ಎನ್ನಲಾರೆ" ಎಂದೆ, ಎಲ್ಲರಿಗೂ ಕೇಳುವಂತೆ.

ಜೇಬಿನಿಂದ ಪೆನ್ನು ತೆಗೆದೆ. "ಕೊಡು ಪಟ್ಟಿ, ಕಾಲೊನಿಯ ಹೆಸರು ಈಗಲೇ ಸೇರಿಸುತ್ತೇನೆ."

ಇವರು ನನ್ನ ಮಣಿಕಟ್ಟು ಹಿಡಿದರು. ಬಿಸಿಯಾದ, ಗಟ್ಟಿ ಕೈ. "ಬ್ಯಾಡಿ ಸಾ. ನೀವ್ ಬರೆದ್ರೆ ನಿಮ್ಮ ಪಟ್ಟಿ. ನಿಮಗೆ ವರ್ಗ ಆದ ದಿನ ಅದನ್ನ ಹರಿದು ಬಿಸಾಕ್ತಾರೆ. ಇವರೇ ಬರೀಬೇಕು."

"ಇವರು ಬರೆಯುವವರೆಗೆ ಹಸು ತಡೆಯುತ್ತದೆಯೇ?"

"ಗೊತ್ತಿಲ್ಲ" ಎಂದರು. ತುಟಿ ಒಣಗಿತ್ತು. ಕೈ ಮಾತ್ರ ಬಿಡಲಿಲ್ಲ.

ಅವರ ಮೇಲೆ ನನಗೆ ಬಂದಷ್ಟು ಕೋಪ ಆ ಗಂಡಸರ ಮೇಲೂ ಬಂದಿರಲಿಲ್ಲ. ನಿಮ್ಮ ಹಠಕ್ಕೆ ಒಂದು ಬಾಯಿಲ್ಲದ ಪ್ರಾಣಿ ಸಾಯುತ್ತದೆ ಎಂದು ಕೂಗಿದೆ. ಹಸು ಮುಂಗಾಲು ಮಡಿಸಿತು, ಸಾಕಮ್ಮ ಹಗ್ಗ ಜಗ್ಗಿ ಎಬ್ಬಿಸಿದರು. ಮತ್ತೆ ಮಡಿಸಿತು, ಮತ್ತೆ ಎಬ್ಬಿಸಿದರು. ನೀರಿನ ವಾಸನೆಗೆ ಅದರ ಮೂಗು ಅರಳುತ್ತಿತ್ತು.

ಹತ್ತಕ್ಕೆ ಸರಿಯಾಗಿ ನಂಜೇಗೌಡರು ತಮ್ಮ ಜೋಡಿ ಹೊಡೆದುಕೊಂಡು ಬಂದರು. ಪಟ್ಟಿಯ ಪ್ರಕಾರ ಹತ್ತರಿಂದ ಅರ್ಧ ಗಂಟೆ ಅವರ ಪಾಳಿ. ಹಸು ನೋಡಿದರು, ನಮ್ಮನ್ನು ನೋಡಿದರು. ಎತ್ತುಗಳ ಮೂಗುದಾರ ಹಿಡಿದು ನಿಲ್ಲಿಸಿದರು.

"ಈಗ ನನ್ ಪಾಳಿ" ಎಂದರು. ಆಮೇಲೆ ಸಾಕಮ್ಮನವರ ಕಡೆ ನೋಡದೆ, ನೀರಿನ ಕಡೆ ನೋಡುತ್ತ, "ನನ್ ಪಾಳಿನಾಗೆ ಅವಳ ಅಸ ಕುಡ್ಕಳ್ಳಿ. ದಾರಿ ಬುಡ್ರಲಾ" ಎಂದರು.

ಕೆಂಪಣ್ಣ ಒಂದು ಹೆಜ್ಜೆ ಸರಿದ.

ಇವರು ಮಾತ್ರ ಅಡ್ಡ ಬಂದರು. "ಇವತ್ತು ನಿಮ್ಮ ಪಾಳಿ ಕೊಟ್ರಿ ಗೌಡ್ರೆ. ನಾಳೆ? ಉಳಿದ ಮೂವತ್ತು ದನಕ್ಕೆ?"

"ಸುಮ್ಕಿರಿ ಮೇಡಮ್ಮೋರೆ!" ಸಾಕಮ್ಮ ಒದರಿದರು. "ನಾಳೆ ಮಾತು ಅಸಕ್ಕೆ ತಿಳಿಯಾಕಿಲ್ಲ. ಮೊದ್ಲು ಕುಡೀಲಿ."

ಅವರು ತಕ್ಷಣ ಪಕ್ಕಕ್ಕೆ ಸರಿದರು. ಸರಿಯುವಾಗ ಮುಖ ಕಪ್ಪಿಟ್ಟಿತ್ತು. ತಮ್ಮ ಲೆಕ್ಕದಲ್ಲಿ ತಪ್ಪು ತೋರಿಸಿದರೆ ಅವರು ವಾದಿಸುತ್ತಿರಲಿಲ್ಲ, ಅದು ಅವರ ಗುಣ.

ಹಸು ಇಳಿಜಾರು ಇಳಿದು ಮಂಡಿಯವರೆಗೆ ನೀರಿಗೆ ನುಗ್ಗಿ ಮೂತಿ ಅದ್ದಿತು. ಇವರು ನನ್ನ ಕಡೆ ಕೈ ಚಾಚಿ, "ಸಾ, ನೀರಿದೆಯಾ?" ಎಂದರು. ಬೆಳಗಿನಿಂದ ಅವರೂ ಒಂದು ಗುಟುಕು ಕುಡಿದಿರಲಿಲ್ಲ. ಬಾಟಲಿ ಎತ್ತಿ ಗಟಗಟನೆ ಕುಡಿಯುವಾಗ ಅರ್ಧ ನೀರು ಸೆರಗಿಗೆ ಚೆಲ್ಲಿತು.

ಹಸು ತಲೆ ಎತ್ತಿತು. ಸಾಕಮ್ಮ ಅದನ್ನು ತಿರುಗಿಸಿದರು, ಆದರೆ ಮೇಲೆ ಹತ್ತಿಸಲಿಲ್ಲ. ಹಸುವನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ, ಹಗ್ಗವನ್ನು ಕೈಗೆ ಸುತ್ತಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು.

"ಈಗ ಬರೀರಿ ಗೌಡ್ರೆ."

"ಏನ್ ಬರೀಬೇಕು?"

"ನಮ್ ಪಾಳಿ. ಬರ್‍ಯಾಗಂಟ ನಾನ್ ಏಳಾಕಿಲ್ಲ. ನಿಮ್ ಎತ್ಗೊಳೂ ಕುಡ್ಯಂಗಿಲ್ಲ."

ಕಟ್ಟೆಗೆ ಇಳಿಯಲು ಬೇರೆ ಜಾಗವಿರಲಿಲ್ಲ. ಸುತ್ತ ಜಾಲಿ ಬೇಲಿ. ಒಂದೇ ಬಾಯಿ ಸಾಕೆಂದು ಜಗಲಿಯ ಮೇಲೆ ಕೂತು ಎಲ್ಲರೂ ಸೇರಿ ತೀರ್ಮಾನಿಸಿದ್ದೇ ಅದು.

"ಉಪಾಯ ಮಾಡ್ಕಂಡೇ ಬಂದೌಳೆ ಇವ್ಳು! ಎಳ್ದಾಕ್ರಲಾ ಅಸನ!" ಕೆಂಪಣ್ಣ ಮುಂದೆ ನುಗ್ಗಿದ.

"ಮುಟ್ಟು ನೋಡಣ" ಎಂದರು ಸಾಕಮ್ಮ, ಧ್ವನಿ ಏರಿಸದೆ. "ಕೆಚ್ಚಲು ಬತ್ತಾಗಂಟ ಇದ್ರ ಆಲೂ ನಿನ್ ಅಸಿನ್ ಆಲೂ ಒಂದೇ ಕ್ಯಾನಿಗೆ ಉಯ್ತಿದ್ವಿ ಕಣ್ಲಾ ಕೆಂಪಾ. ಅದ್ನೂ ಬೇರೆ ಮಾಡ್ಸು, ಓಗು."

ಕೆಂಪಣ್ಣ ನಿಂತ. ನಾನು ಇವರ ಮುಖ ನೋಡಿದೆ. ಬಾಯಿ ತೆರೆಯಬೇಡಿ ಎಂದು ಕಣ್ಣಿನಲ್ಲೇ ಹೇಳಿದರು. ಎತ್ತುಗಳು ನೀರು ಕಂಡು ಮೂಗುದಾರ ಜಗ್ಗುತ್ತಿದ್ದವು. ಗಡಿಯಾರ ನೋಡಿಕೊಂಡೆ. ಹತ್ತೂ ಹದಿನೈದು, ಹತ್ತೂ ಇಪ್ಪತ್ತು. ನಂಜೇಗೌಡರ ಪಾಳಿ ಮುಗಿಯುತ್ತ ಬಂದಿತ್ತು. ಅವರು ಹಿಂದೆ ತಿರುಗಿ ಹೋಗಬಹುದಿತ್ತು. ಅವರಿಗೆ ತೋಟದಲ್ಲಿ ಬೋರ್‌ವೆಲ್ ಇತ್ತು. ನಿಂತೇ ಇದ್ದರು.

ಹತ್ತೂ ಇಪ್ಪತ್ತೈದಕ್ಕೆ, "ಪೆನ್ ಕೊಡಿ ಸಾ" ಎಂದರು.

ಪಟ್ಟಿಯನ್ನು ಎತ್ತಿನ ಬೆನ್ನಿನ ಮೇಲೆ ಹರಡಿ, ನನ್ನ ಕೊನೆಯ ಗೆರೆಯ ಕೆಳಗೆ ಸೊಟ್ಟ ಅಕ್ಷರದಲ್ಲಿ ಬರೆದರು: ಕಾಲೊನಿ, ಸಂಜೆ ಆರರ ಮೇಲೆ. ಬರೆದದ್ದನ್ನು ಗಟ್ಟಿಯಾಗಿ ಓದಿದರು.

"ಕಡೇ ಪಾಳಿ ಯಾಕೆ? ಎಲ್ಲಾ ತುಳ್ದು ಬುಟ್ಟಿದ್ ರಾಡಿ ನಮ್ಗಾ?" ಎಂದರು ಸಾಕಮ್ಮ.

"ಮೊದ್ಲು ಲಿಸ್ಟ್ಗೆ ಸೇರ್ಕಳಮ್ಮ. ಮಿಕ್ಕಿದ್ ಆಮೇಲೆ."

ಸಾಕಮ್ಮ ಎದ್ದು ಹಸುವನ್ನು ಮೇಲೆ ಹತ್ತಿಸಿದರು. ಆ ಸಂಜೆ ಆರರ ಮೇಲೆ ಕಾಲೊನಿಯ ದನಗಳೆಲ್ಲ ಕಟ್ಟೆಗೆ ಇಳಿದವು. ಎರಡು ಮನೆಯವರು ಸಿಟ್ಟಿನಿಂದ ಕಟ್ಟೆಗೆ ಬರುವುದನ್ನೇ ಬಿಟ್ಟು ಮನೆಯ ಹತ್ತಿರವೇ ಬೋರ್‌ವೆಲ್ ನೀರು ಕುಡಿಸತೊಡಗಿದರು. ವಾರದ ಮೇಲೆ ಸಾಕಮ್ಮನವರ ಹಸು ಹೆಣ್ಣು ಕರು ಹಾಕಿತು. ಕಿವಿಗೆ ಓಲೆ ನಾನೇ ಚುಚ್ಚಿದೆ.

ಇವರ ಗುತ್ತಿಗೆ ಆ ವರ್ಷ ಮುಗಿಯಿತು. ಕಚೇರಿಗೆ ಕೊಟ್ಟ ವರದಿಯಲ್ಲಿ ‘ಮಾದರಿ ಎಲ್ಲಿ ತಪ್ಪಿತು’ ಎಂದು ಒಂದು ಪುಟ ಬರೆದಿದ್ದರು. ‘ಯಾರು ಯಾರನ್ನು ಆಟಕ್ಕೆ ಕರೆಯಬೇಕೆಂದು ನಾನು ಕೇಳಿದ್ದು ಮೊದಲೇ ಬಂದು ಕೂತಿದ್ದವರನ್ನು. ತಪ್ಪು ಅಲ್ಲೇ ಶುರುವಾಯಿತು’ ಎಂದಿತ್ತು. ನನ್ನ ಪಟ್ಟಿಯ ಮಾತೇ ಇರಲಿಲ್ಲ. ಏಕೆಂದು ಕೇಳಿದ್ದಕ್ಕೆ, "ನಿಮ್ಮ ಹೆಸರು ಬರೆದ್ರೆ ನಿಮ್ಮನ್ನ ಎತ್ತಂಗಡಿ ಮಾಡ್ತಾರೆ. ಆ ಊರಿನ ದನಕ್ಕೆ ಸೂಜಿ ಹಾಕೋರು ಯಾರು?" ಎಂದು ನಕ್ಕರು. ಆ ಪುಟವನ್ನು ಕಚೇರಿಯವರು ತೆಗೆದರಂತೆ. ಇವರು ಹೊಳೆನರಸೀಪುರಕ್ಕೆ ಹಿಂತಿರುಗಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಇದ್ದುಬಿಟ್ಟರು.

ನಾನು ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ನಾನು ಹೇಳಿದ ಹೊತ್ತಿಗೆ ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಬಾಗಿಲಲ್ಲಿ ಕಾದು ಕೂತಿರುವಾಗ ಬೀದಿಯ ತುದಿಯಿಂದ ಚಪ್ಪಲಿ ಎಳೆಯುತ್ತ ಬಂದು, ಬಾಗಿಲ ಬೀಗ ತೆಗೆಯುತ್ತಲೇ ಒಂದು ಪ್ರಶ್ನೆ ಕೇಳುತ್ತಿದ್ದರು: "ಕಡೇ ಪಾಳಿ ಇನ್ನೂ ಕಡೇದೇನಾ ಸಾ?" ನಾನು ಮದುವೆ ಊಟಕ್ಕೆ ಆ ಊರಿಗೆ ಹೋಗುತ್ತಿದ್ದೆ, ಆದರೆ ಅದನ್ನು ಕೇಳುತ್ತಿರಲಿಲ್ಲ. "ಇರಬೇಕು" ಎನ್ನುತ್ತಿದ್ದೆ. ಅವರು ಮುಂದೆ ಕೇಳದೆ ಕಾಫಿಗೆ ಇಡುತ್ತಿದ್ದರು.

ಹೋದ ತಿಂಗಳು ಸುದ್ದಿ ಬಂದಾಗ ಮೊದಲ ಬಸ್ಸಿಗೆ ಹೋದೆ. ಸಂಜೆ ನಾಲ್ಕಕ್ಕೆ ಮಲ್ಲಿಪಟ್ಟಣದ ಕಡೆ ಅವರ ಊರಿಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಹನ್ನೆರಡರ ಹೊತ್ತಿಗೆ ಸಾಕಮ್ಮ ಬಂದರು. ಕೂದಲು ನೆರೆತಿತ್ತು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕಾಲಿನ ಬಳಿ ಬಹಳ ಹೊತ್ತು ಕೂತರು, ಅಳಲಿಲ್ಲ. ಒಂದೂ ಮುಕ್ಕಾಲಿಗೆ ಎದ್ದು ಸೆರಗು ಸರಿ ಮಾಡಿಕೊಂಡು ಹೊರಟರು.

ನಾನು ಹಿಂದೆಯೇ ಬಾಗಿಲಿಗೆ ಹೋದೆ. "ಇಷ್ಟು ದೂರ ಬಂದಿದ್ದೀರಿ. ಮಣ್ಣು ಮುಗಿಸಿಕೊಂಡು ಹೋಗಬಾರದೇ?"

"ಆಗಾಕಿಲ್ಲ ಸಾ" ಎಂದರು. "ಈಗ ಪಾಳಿ ವಾರ ವಾರ ತಿರುಗ್ತದೆ. ಈ ವಾರ ಮೊದಲ್ನೇದು ನಮ್ದು. ಬೆಳಿಗ್ಗೆ ಆರಕ್ಕೆ ಕಟ್ಟೆ ತಾವ ಇರ್ಬೇಕು. ನಾನ್ ಇಲ್ಲ ಅಂದ್ರೆ ಕೆಂಪಣ್ಣ ಕುರಿ ನುಗ್ಸ್‌ಬುಡ್ತಾನೆ."

ಎರಡು ಗಂಟೆಯ ಬಸ್ಸು ಹೊರಟುಹೋಯಿತೇ ಎಂದು ನನ್ನನ್ನು ಕೇಳಿದರು. ಇನ್ನೂ ಹತ್ತು ನಿಮಿಷವಿದೆ ಎಂದೆ. ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದ ಕಡೆಗೆ ಬಿರಬಿರನೆ ನಡೆದರು.